ಮೀನಿನ ಹೆಸರು ತಪ್ಪಿದರೆ ಕಡಲೂ ತಪ್ಪುತ್ತದೆ

ಕೇಳುಗರಿಗೆ ನಮಸ್ಕಾರ.

ಹೋದ ಭಾನುವಾರ ಮಂಡ್ಯದ ಮಾರ್ಕೆಟ್ಟಿನಿಂದ ಒಂದು ಜಿಲೇಬಿ ಮೀನು ತಂದಿದ್ದೆ. ಮೈಯೆಲ್ಲ ಸಾರಿಗೆ ಹೋಯಿತು, ತಲೆಯನ್ನು ನಾನು ಇಟ್ಟುಕೊಂಡೆ. ಬೇಯಿಸಿ, ಬುರುಡೆಯನ್ನು ಹಿಂದಿನಿಂದ ನಿಧಾನವಾಗಿ ಬಿಡಿಸಿದರೆ ಮಿದುಳಿನ ಕೆಳಗೆ ಆ ಪಕ್ಕ ಈ ಪಕ್ಕ ಒಂದೊಂದು ಬಿಳಿ ಚೂರು ಸಿಗುತ್ತದೆ. ಅದು ಮೂಳೆ ಅಲ್ಲ, ಕಿವಿಕಲ್ಲು. ಸುಣ್ಣದಿಂದ ಆದದ್ದು. ನೀರಿನಲ್ಲಿ ಮೀನು ಓಲಾಡದೆ ನಿಲ್ಲುವುದಕ್ಕೂ ಸದ್ದು ಕೇಳುವುದಕ್ಕೂ ಇದೇ ಬೇಕು. ತೊಳೆದು ಕಪ್ಪು ಬಟ್ಟೆಯ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಒಂದು ಮಗ್ಗುಲಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯ ಹಾಗೆ ಒಂದು ಗೀರು. ಈ ಗೀರು, ಈ ಅಂಚಿನ ಆಕಾರ ಒಂದೊಂದು ಬಗೆಯ ಮೀನಿಗೆ ಒಂದೊಂದು ಥರ. ಮೈ ಕೊಳೆತು, ಮುಳ್ಳು ಚದುರಿ, ಈ ಕಲ್ಲೊಂದೇ ಕೆಸರಲ್ಲಿ ಉಳಿದರೂ ಸಾಕು, ಬಲ್ಲವರು ಅದು ಯಾವ ಬಳಗದ ಮೀನು ಅಂತ ಎಷ್ಟೋ ಸಲ ಹೇಳಿಬಿಡುತ್ತಾರೆ.

ನಮ್ಮ ಊರಿನ ಬಂಡೆಯಲ್ಲಿ ಮೀನಿನ ಪಳೆಯುಳಿಕೆ ಸಿಗುತ್ತಾ ಅಂತ ಮಕ್ಕಳು ಕೇಳುತ್ತಾರೆ. ಸಿಗಲ್ಲ. ಮೈಸೂರು, ಮಂಡ್ಯದ ಬಹುಪಾಲು ಬಂಡೆಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಚಾಮುಂಡಿ ಬೆಟ್ಟದ ಗ್ರಾನೈಟ್ ಅದಕ್ಕಿಂತ ಎಳೆಯದು, ಆದರೂ ಸುಮಾರು 80 ಕೋಟಿ. ಭೂಮಿಯ ಮೇಲೆ ಮೀನು ಕಾಣಿಸಿಕೊಂಡಿದ್ದೇ 50 ಕೋಟಿ ವರ್ಷದ ಆಸುಪಾಸು.

ಆದರೆ ಕಾವೇರಿಯ ಜೊತೆ ಕೆಳಗೆ ಹೋಗಿ ನೋಡಿ. ಶ್ರೀರಂಗಪಟ್ಟಣ ದಾಟಿ, ತಮಿಳುನಾಡಿನ ತಿರುಚಿನಾಪಳ್ಳಿ ತಲುಪಿ, ಅಲ್ಲಿಂದ ಸ್ವಲ್ಪ ಈಶಾನ್ಯಕ್ಕೆ ತಿರುಗಿದರೆ ಅರಿಯಲೂರು. ಈಗ ಸಿಮೆಂಟಿಗೆ ಸುಣ್ಣಕಲ್ಲು ಅಗೆಯುವ ಆ ನೆಲ, ಡೈನೋಸಾರ್‌ಗಳ ಕಾಲದಲ್ಲಿ ಕಡಲ ತಳ. ಅಲ್ಲಿ ಶಾರ್ಕ್ ಹಲ್ಲುಗಳು ಸಿಕ್ಕಿವೆ. ಶಾರ್ಕಿನ ಅಸ್ಥಿಪಂಜರ ಮೆದುಮೂಳೆ, ಬೇಗ ಕರಗುತ್ತದೆ. ಹಲ್ಲು ಮಾತ್ರ ಬದುಕಿರುವಷ್ಟು ದಿನವೂ ಉದುರಿ ಹೊಸದು ಬರುತ್ತಲೇ ಇರುತ್ತದೆ. ಅದಕ್ಕೇ ಒಂದೇ ಶಾರ್ಕ್ ಸಾವಿರಾರು ಹಲ್ಲು ಬಿಟ್ಟು ಹೋಗುತ್ತದೆ. ಅಲ್ಲಿ ಸಿಕ್ಕ ಟೈಕೋಡಸ್ ಎಂಬ ಬಗೆಯ ಹಲ್ಲು ಚೂಪಾಗಿಲ್ಲ. ಚಪ್ಪಟೆ, ಮೇಲೆ ಸಾಲು ಸಾಲು ಏಣು, ಬೀಸುವ ಕಲ್ಲಿನ ಹಾಗೆ. ಇಂಥ ಹಲ್ಲು ಗಟ್ಟಿ ಚಿಪ್ಪು ಒಡೆದು ತಿನ್ನುವುದಕ್ಕೆ. ಅಂದಮೇಲೆ ಆ ಕಡಲಲ್ಲಿ ಚಿಪ್ಪಿನ ಜೀವಿಗಳು ಬೇಕಾದಷ್ಟು ಇದ್ದವು ಅಂತ ಆಯಿತಲ್ವಾ?

ಹೀಗೆ ಹೇಳಬೇಕಾದರೆ ಮೊದಲು ಹೆಸರು ಸರಿಯಾಗಿರಬೇಕು. ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ವರ್ಗೀಕರಣ ಅಂದರೆ ಸುಮ್ನೆ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ಲೂಯಿ ಅಗಸ್ಸಿ 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮೇಲೆ ದೊಡ್ಡ ಗ್ರಂಥ ಹೊರತಂದರು. ಹುರುಪೆ ನೋಡಿ ಮೀನುಗಳನ್ನು ನಾಲ್ಕು ಗುಂಪು ಮಾಡಿದರು. ಕಲ್ಲಿನಲ್ಲಿ ಹುರುಪೆ ಚೆನ್ನಾಗಿ ಉಳಿಯುತ್ತದೆ, ಹಾಗಾಗಿ ಒಳ್ಳೆಯ ಉಪಾಯವೇ. ಆದರೆ ನಿಲ್ಲಲಿಲ್ಲ. ನಂಟೇ ಇಲ್ಲದ ಮೀನುಗಳಿಗೂ ಒಂದೇ ಥರದ ಹುರುಪೆ ಬರುತ್ತದೆ. ಕೆಲವು ಚಪ್ಪಟೆ ಮೀನುಗಳಲ್ಲಂತೂ ಗಂಡಿಗೆ ಒರಟು, ಹೆಣ್ಣಿಗೆ ನುಣುಪು! ಈಗ ಬುರುಡೆ, ದವಡೆ, ಬಾಲದ ಮೂಳೆ ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಹೆಸರು ಸರಿ ಇದ್ದರೂ ಒಂಟಿ ಮೀನನ್ನು ನಂಬುವ ಹಾಗಿಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನಲ್ಲಿ ಲಾವಾ ಹರಿದ ಕಾಲದ ಕೆಸರುಕಲ್ಲು ಮಧ್ಯ ಭಾರತದಲ್ಲಿದೆ. ಅಲ್ಲಿ ಇಗ್ಡಬಾಟಿಸ್ ಎಂಬ ತೊರಕೆ ಮೀನಿನ ಹಲ್ಲು ಸಿಕ್ಕಿದೆ. ತೊರಕೆ ಇದ್ದಮೇಲೆ ಕಡಲು ಅಲ್ಲೀವರೆಗೂ ಬಂದಿತ್ತು ಅಂತ ಒಬ್ಬರು ಅನ್ನಬಹುದು. ಆದರೆ ಅದೇ ಕಾಲದ ಪದರಗಳಲ್ಲಿ ಗಾರ್ ಮೀನಿನ ಹೊಳಪಿನ ಹುರುಪೆಯೂ ಇದೆ, ಇವತ್ತಿನ ಗಾರ್ ಹೆಚ್ಚಾಗಿ ಹೊಳೆ, ಕೆರೆಯ ಮೀನು. ಗಂಗೆಯ ಸಿಹಿನೀರಲ್ಲಿ ಈಗಲೂ ತೊರಕೆ ಇದೆ. ಹಾಗಾದರೆ ಕಡಲೋ, ಅಳಿವೆಯೋ, ಹೊಳೆಯೋ? ಈ ವಾದ ಬಹಳ ಕಾಲ ನಡೆದಿದೆ. ಮಧ್ಯಪ್ರದೇಶದ ಝಿಲ್‌ಮಿಲಿಯಲ್ಲಿ ಕಡಲಲ್ಲಿ ತೇಲುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕಾಗ ಕಡಲಿನ ಪರವಾದ ವಾದಕ್ಕೆ ಬಲ ಬಂತು. ಮೀನು ಹೇಳಿದ್ದನ್ನು ಅದರ ನೆರೆಹೊರೆಯವರ ಹತ್ತಿರವೂ ಕೇಳಬೇಕು.

ನೀರು ಎಷ್ಟು ಬೆಚ್ಚಗಿತ್ತು ಅಂತಲೂ ತಿಳಿಯಬಹುದು. ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಇದೆ. ತಣ್ಣನೆಯ ನೀರಲ್ಲಿ ಬೆಳೆದ ಕಿವಿಕಲ್ಲಿನಲ್ಲಿ ಭಾರದ್ದು ಜಾಸ್ತಿ ಸೇರುತ್ತದೆ. ಕಲ್ಲಿನಲ್ಲಿ ಮರದ ಹಾಗೆ ಉಂಗುರಗಳೂ ಇರುತ್ತವೆ, ಎಷ್ಟೋ ಮರಿಗಳಲ್ಲಿ ದಿನಕ್ಕೊಂದು. ತೊಂದರೆ ಏನೆಂದರೆ ಕಿವಿಕಲ್ಲಿನ ಸುಣ್ಣ ಕಾಲ ಕಳೆದಂತೆ ಬೇರೆ ರೂಪಕ್ಕೆ ತಿರುಗುತ್ತದೆ, ಆಗ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಅಂಥ ಕಡೆ ಹಲ್ಲಿನ ಹೊರಪದರವನ್ನು ಪರೀಕ್ಷಿಸುತ್ತಾರೆ, ಅದು ಗಟ್ಟಿ.

ನೀವು ಎಂದಾದರೂ ಅರಿಯಲೂರಿನ ಕಡೆ ಹೋಗಿ, ಒಂದು ಹಲ್ಲು ಕಣ್ಣಿಗೆ ಬಿದ್ದರೆ ಕೀಳಬೇಡಿ. ಇದ್ದ ಜಾಗದಲ್ಲೇ ಪಕ್ಕಕ್ಕೊಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಯಾವ ಪದರ, ಸುತ್ತ ಮರಳೋ ಜೇಡಿಯೋ, ಪಕ್ಕದಲ್ಲಿ ಚಿಪ್ಪು ಇತ್ತೋ ಇಲ್ಲವೋ, ಅದನ್ನೂ ಬರೆದುಕೊಳ್ಳಿ. ಹತ್ತಿರದ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರಿಗೆ ತೋರಿಸಿದರೆ ಅವರು ಮೊದಲು ಕೇಳುವುದೇ ಇದನ್ನು.