ಕಳ್ಳಮಾಲು ಗಡಿ ದಾಟಿದರೆ ಯಾರದ್ದು?

ನಮಸ್ಕಾರ. ಇವತ್ತು ಒಂದು ಕಳ್ಳತನದಿಂದ ಶುರು ಮಾಡೋಣ.

ಇಂಗ್ಲೆಂಡಿನಲ್ಲಿ ವಿಂಕ್‌ವರ್ತ್ ಅನ್ನೋರ ಮನೆಯಿಂದ ಜಪಾನಿನ ನೆಟ್ಸುಕೆಗಳು ಕಳುವಾದವು. ನೆಟ್ಸುಕೆ ಅಂದ್ರೆ ಕಿಮೋನೊ ಸೊಂಟಪಟ್ಟಿಗೆ ಚೀಲ ಸಿಕ್ಕಿಸೋ, ಮುಷ್ಟಿಯೊಳಗೆ ಅಡಗೋ ಪುಟ್ಟ ಕೆತ್ತನೆ. ಮಾಲು ಇಟಲಿಗೆ ಹೋಯ್ತು, ಅಲ್ಲೊಬ್ಬರು ಕೊಂಡರು. ಆಮೇಲೆ ಅವರೇ ಅದನ್ನ ಹರಾಜಿಗೆ ಅಂತ ಲಂಡನ್ನಿನ ಕ್ರಿಸ್ಟೀಸ್‌ಗೆ ಕಳಿಸಿದರು. ಕಳಕೊಂಡವರ ದೇಶಕ್ಕೇ ವಾಪಸ್! ವಿಂಕ್‌ವರ್ತ್ ಕೇಸು ಹಾಕಿದರು. ಇಂಗ್ಲಿಷ್ ಕೋರ್ಟು ಏನಂತು ಗೊತ್ತಾ? ಕೊಳ್ಳುವಾಗ ಮಾಲು ಎಲ್ಲಿತ್ತೋ ಅಲ್ಲಿನ ಕಾನೂನೇ ಲೆಕ್ಕ. ಅಂದ್ರೆ ಇಟಲಿಯದ್ದು. 1980ರ ಲಾ ರಿಪೋರ್ಟಿನಲ್ಲಿದೆ ಈ ತೀರ್ಪು.

ಇಟಲಿಯ 1942ರ ಸಿವಿಲ್ ಕೋಡ್, ಕಲಂ 1153 ಏನು ಹೇಳುತ್ತೆ? ಸದ್ಭಾವನೆಯಿಂದ ಕೊಂಡು ಕೈಗೆ ತಗೊಂಡ್ರೆ ಮಾಲೀಕ ನೀವೇ, ಕದ್ದ ಮಾಲಾದರೂ ಸರಿ. ಜರ್ಮನಿಯಲ್ಲಿ ಉಲ್ಟಾ. ಅಲ್ಲಿನ ಸಿವಿಲ್ ಕೋಡ್‌ನ ಕಲಂ 935ರ ಪ್ರಕಾರ ದುಡ್ಡು, ಬಹಿರಂಗ ಹರಾಜು ಇಂಥ ಕೆಲವನ್ನ ಬಿಟ್ಟರೆ, ಕಳುವಾದದ್ದು ಎಷ್ಟು ಕೈ ಬದಲಾದರೂ ಕೊಂಡವನದ್ದಾಗಲ್ಲ. ಫ್ರಾನ್ಸಿನಲ್ಲಿ ಕಳಕೊಂಡವನಿಗೆ ವಾಪಸ್ ಕೇಳೋಕೆ 3 ವರ್ಷ ಗಡುವು. ಬರ್ಲಿನ್‌ನಲ್ಲಿರೋ ನಮ್ಮ ಹುಡುಗರು ಭಾನುವಾರದ ಸಂತೆಯಲ್ಲಿ ಹಳೇ ಸೈಕಲ್ ಕೊಳ್ಳೋ ಮುಂಚೆ ಸ್ವಲ್ಪ ಕೇಳಿಸಿಕೊಳ್ಳಿ: ಅದು ಕದ್ದದ್ದಾದರೆ, ಪಾಪ, ನಿಮಗೇನೂ ಗೊತ್ತಿರದಿದ್ದರೂ ಸೈಕಲ್ಲೂ ಹೋಯ್ತು, ಕೊಟ್ಟ ದುಡ್ಡಿಗೆ ಮಾರಿದವನನ್ನ ಹುಡುಕಬೇಕು. ಮಿಲಾನ್‌ನಲ್ಲಾದರೆ ತುಳಕೊಂಡು ಮನೆಗೆ ಹೋಗಬಹುದು. ಆಲ್ಪ್ಸ್ ದಾಟಿದ ಕೂಡಲೇ ಕಳ್ಳಮಾಲಿಗೆ ಮಡಿ ಬಂದಂಗೆ!

ಯುರೋಪಿಯನ್ ಒಕ್ಕೂಟಕ್ಕೆಲ್ಲ ಒಂದೇ ಮಾರುಕಟ್ಟೆ ಅಂತಾರೆ, ಆದ್ರೆ ಚರಾಸ್ತಿ ಕಾನೂನು ದೇಶಕ್ಕೊಂದು. ಇದನ್ನ ಹೋಲಿಸಿ ನೋಡಿ ಒಂದು ಹಾದಿಗೆ ತರೋಕೆ ಪ್ರೊಫೆಸರುಗಳು ವರ್ಷಗಟ್ಟಲೆ ಕೂತರು. ಜರ್ಮನಿಯ ಓಸ್ನಾಬ್ರುಕ್‌ನ ಕ್ರಿಸ್ಟಿಯಾನ್ ಫಾನ್ ಬಾರ್ ಮುಂದಾಳತ್ವದ ಗುಂಪು ಸೇರಿ ತಂದ ಮಾದರಿ ಕಾನೂನಿನ ದೊಡ್ಡ ಕರಡು 2009ರಲ್ಲಿ ಹೊರಬಂತು. ಅದರ ಎಂಟನೇ ಭಾಗ ಪೂರ್ತಿ ಚರಾಸ್ತಿಯ ಒಡೆತನದ್ದು.

ನನ್ನ ತಕರಾರು ಇಲ್ಲಿದೆ. ಅವರ ಶ್ರಮದ ಬಹುಪಾಲು ಹೋದದ್ದು 'ಒಡೆತನ ಯಾವ ಕ್ಷಣ ದಾಟುತ್ತೆ' ಅನ್ನೋದಕ್ಕೆ. ಜರ್ಮನಿಯಲ್ಲಿ ಬೆಳಗ್ಗೆ ಬೇಕರಿಯಲ್ಲಿ ಒಂದು ಬನ್ ತಗೊಂಡ್ರೆ ಕಾನೂನಿನ ಕಣ್ಣಲ್ಲಿ ಮೂರು ಒಪ್ಪಂದ: ವ್ಯಾಪಾರದ ಮಾತು ಒಂದು, ಬನ್ ದಾಟಿಸೋದು ಇನ್ನೊಂದು, ಚಿಲ್ಲರೆ ದಾಟಿಸೋದು ಮತ್ತೊಂದು. ಮೊದಲನೇದು ಅಸಿಂಧು ಅಂತ ಆದರೂ ಬನ್ ನಿಮ್ಮದೇ. ಬೇಕರಿಯವನು ವಾಪಸ್ ಬೇಕಂದ್ರೆ ಬೇರೆ ದಾರಿ ಹಿಡೀಬೇಕು. ಫ್ರಾನ್ಸಲ್ಲಿ ವಸ್ತು, ಬೆಲೆ ಕುದುರಿದಾಗಲೇ ಒಡೆತನ ಬಂತು. ನಮ್ಮ 1930ರ ಸರಕು ಮಾರಾಟ ಕಾಯ್ದೆಯೂ, ಇಂಗ್ಲೆಂಡಿನ 1893ರ ಕಾಯ್ದೆಯ ಅಚ್ಚು ಅದು, ಇದೇ ವಸ್ತು ಅಂತ ಗುರುತಿಸಿದ ಸಿದ್ಧ ಮಾಲಿಗೆ ಹೆಚ್ಚುಕಡಿಮೆ ಹೀಗೇ ಹೇಳುತ್ತೆ. ಕರಡು ಎರಡನ್ನೂ ಬೆರೆಸಿತು: ಮಾರಾಟದ ಒಪ್ಪಂದದಂಥ ಸಿಂಧುವಾದ ಕಾರಣವೂ ಬೇಕು, ಸಾಮಾನ್ಯವಾಗಿ ಮಾಲು ಕೈಗೂ ಸೇರಬೇಕು.

ಹೋಗ್ಲಿ ಬಿಡಿ, ಬನ್ ತಿನ್ನೋನಿಗೆ ಏನಾಗಬೇಕು? ಸ್ಕ್ಯಾಂಡಿನೇವಿಯಾದವರು ಜಾಣರು. ಅವರಿಗೆ ಆ ಒಂದು ಕ್ಷಣವೇ ಬೇಕಿಲ್ಲ. ಮಾಲು ಒಡೆದರೆ ನಷ್ಟ ಯಾರಿಗೆ, ಮಾರಿದವ ದಿವಾಳಿಯಾದರೆ ಅವನಿಗೆ ಸಾಲ ಕೊಟ್ಟವರು ಎತ್ತಿಕೊಂಡು ಹೋಗಬಹುದಾ, ಹೀಗೆ ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಉತ್ತರ.

ಒಕ್ಕೂಟದ ಆಡಳಿತ ಇರೋ ಬ್ರಸೆಲ್ಸ್ ಅಂತೂ ಮುಟ್ಟೋಕೇ ಹೆದರುತ್ತೆ. ಆಸ್ತಿ ವ್ಯವಸ್ಥೆ ಆಯಾ ದೇಶಕ್ಕೆ ಬಿಟ್ಟದ್ದು ಅನ್ನೋ, ಒಕ್ಕೂಟದ ಒಪ್ಪಂದದ 345ನೇ ವಿಧಿ ಒಳ್ಳೇ ನೆಪ. 2011ರಲ್ಲಿ ಯುರೋಪಿಗೆಲ್ಲ ಒಂದೇ ಮಾರಾಟ ಕಾನೂನು ತರೋಕೆ ಹೊರಟರು. ಅದರಲ್ಲೂ ಒಡೆತನದ ಮಾತು ಹೊರಗೇ. ಕೊನೆಗೆ ಆ ಪ್ರಸ್ತಾವವೇ ಮೂಲೆ ಸೇರಿತು.

ನಾನು ಕೇಳೋದು ಇಷ್ಟೇ. ಬನ್ ಹಂಗೇ ಇರಲಿ, ಕಳ್ಳಮಾಲಿಗೆ ಮಾತ್ರ ಒಂದು ನಿಯಮ ಮಾಡಿ. ಯಾಕಂದ್ರೆ ಅಲ್ಲಿ ಬಲಿಯಾಗೋನು ಒಪ್ಪಂದದಲ್ಲೇ ಇಲ್ಲದವನು, ಅವನ ವಸ್ತು ಯಾವ ದೇಶದಲ್ಲಿ ಮಾರಬೇಕು ಅಂತ ತೀರ್ಮಾನಿಸೋನು ಕಳ್ಳ. ಕರಡಿನಲ್ಲಿ ಇದಕ್ಕೂ ಉತ್ತರ ಇದೆ. ಕದ್ದ ಸಾಂಸ್ಕೃತಿಕ ವಸ್ತುವಾದರೆ ಕೊಂಡವನಿಗೆ ಒಡೆತನ ಇಲ್ಲವೇ ಇಲ್ಲ. ಬೇರೆ ಕದ್ದ ಮಾಲಾದರೆ, ಮಾಮೂಲಿ ವ್ಯಾಪಾರ ನಡೆಸೋ ಅಂಗಡಿಯಿಂದ ಸದ್ಭಾವನೆಯಲ್ಲಿ ಕೊಂಡಿದ್ದರೆ ಮಾತ್ರ ಉಂಟು. ಮೊದಲನೇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡನೇದಕ್ಕೆ ಮನಸ್ಸು ಒಪ್ಪಲ್ಲ. ಕಳ್ಳ ಮಾಲು ಹೊತ್ತುಕೊಂಡು ಮೊದಲು ಹೋಗೋದೇ ಅಂಗಡಿಗೆ ಅಲ್ವಾ?