ಆ ‘ಪಾಪ’ ಎಂಬ ಮಾತಿನ ಮೇಲೆ ನನ್ನ ತಕರಾರು

ನೆದರ್ಲೆಂಡ್ಸ್‌ನ ಫುಟ್‌ಬಾಲ್ ಆಟಗಾರ ಡಿರ್ಕ್ ಕೌಟ್ ಹೆಸರೆತ್ತಿ ನೋಡಿ. ಫುಟ್‌ಬಾಲ್ ಬಲ್ಲವರ ಬಾಯಲ್ಲಿ ಮೊದಲು ಬರುವ ಮಾತು, ‘ಪಾಪ, ಎಷ್ಟು ಕಷ್ಟಪಟ್ಟು ಓಡುತ್ತಿದ್ದ!’ ಮೆಚ್ಚುಗೆಯೇ, ಒಪ್ಪುತ್ತೇನೆ. ಆದರೆ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಹುಡುಗನ ಅಕ್ಷರ ದುಂಡಗಿದೆ ಎಂದು ಹೊಗಳುತ್ತೇವಲ್ಲ, ಆ ಜಾತಿಯ ಮೆಚ್ಚುಗೆ.

ಕ್ರೈಫ್, ವಾನ್ ಬಾಸ್ಟನ್, ಬರ್ಗ್‌ಕ್ಯಾಂಪ್‌ರಂಥ ಚೆಂಡಿನ ಕಲಾವಿದರು ಹುಟ್ಟಿದ ನಾಡು ನೆದರ್ಲೆಂಡ್ಸ್. ಅಲ್ಲಿ ಕಾಟ್‌ವೈಕ್ ಎಂಬ ಮೀನುಗಾರರ ಊರಿನಿಂದ ಬಂದವನು ಕೌಟ್. ಚೆಂಡು ಅವನ ಕಾಲಿಗೆ ಅಂಟಿಕೊಳ್ಳುತ್ತಿರಲಿಲ್ಲ, ನಿಜ. ಆದರೂ ರಾಟರ್‌ಡ್ಯಾಮ್‌ನ ಫೆಯನೂರ್ಡ್ ತಂಡದಲ್ಲಿ 2004-05ರ ಡಚ್ ಲೀಗ್‌ನಲ್ಲಿ 29 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. ಇಂಗ್ಲೆಂಡಿನ ಲಿವರ್‌ಪೂಲ್ ತಂಡಕ್ಕೆ ಹೋದ ಮೇಲೆ ಕೋಚ್ ಬೆನಿಟೆಜ್ ಅವನನ್ನು ಬಲ ಅಂಚಿಗೆ ಕಳುಹಿಸಿದರು. ಅಂಚಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡುವುದೇ ಕೆಲಸ. ಜನ ಓಟ ನೋಡಿದರು, ಉಳಿದದ್ದನ್ನು ಮರೆತರು.

2011ರ ಮಾರ್ಚ್ 6, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಜೊತೆ ಆಟಗಾರ ಸುವಾರೆಜ್ ಒಬ್ಬೊಬ್ಬರನ್ನೇ ಯಾಮಾರಿಸಿ ನುಗ್ಗಿ ಚೆಂಡು ತಳ್ಳಿದ. ಗೋಲು ಗೆರೆಯ ಪಕ್ಕದಲ್ಲೇ ಕೌಟ್ ಇದ್ದ, ಕಾಲು ತಾಗಿಸಿದ. ಆಮೇಲೆ ಎದುರಾಳಿ ನಾನಿ ತಲೆಯಿಂದ ಹಿಂದಕ್ಕೆ ಹಾರಿಸಿದ ಚೆಂಡು ನೇರ ಕೌಟ್ ತಲೆಗೇ ಬಂತು. ಕೊನೆಗೆ ಸುವಾರೆಜ್‌ನ ಫ್ರೀ ಕಿಕ್ ಎದುರಾಳಿ ಗೋಲ್‌ಕೀಪರ್ ವಾನ್ ಡರ್ ಸಾರ್ ಕೈಯಿಂದ ಜಾರಿತು. ಅಲ್ಲಿಯೂ ಅವನೇ! ಮೂರೂ ಗೋಲಿನ ಹೊಸ್ತಿಲಲ್ಲಿ ಹೆಕ್ಕಿಕೊಂಡ ಗೋಲುಗಳು. ‘ಅದೃಷ್ಟವಂತ’ ಎಂದು ನಕ್ಕವರಿದ್ದಾರೆ. ಚೆಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಲ್ಲಿಗೆ ಹೋಗಿ ನಿಲ್ಲುವುದು ಕಾಲಿನ ಕೆಲಸವಲ್ಲ, ತಲೆಯ ಕೆಲಸ.

2014ರ ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧ ನೆದರ್ಲೆಂಡ್ಸ್ ಕೋಚ್ ವಾನ್ ಗಾಲ್ ಅವನನ್ನು ಎಡ ರಕ್ಷಣೆಗೆ ಇಳಿಸಿದರು, ನಡುವೆ ಬಲಕ್ಕೆ ದಾಟಿಸಿದರು, ಕೊನೆಗೆ ಮುಂಚೂಣಿಗೆ ತಳ್ಳಿದರು. ಒಂದೇ ಪಂದ್ಯದಲ್ಲಿ ಮೂರು ಕೆಲಸ, ಅದೂ ಅವನ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಬರೀ ಬೆವರನ್ನು ನಂಬಿ ಯಾವ ಕೋಚ್ ಇಷ್ಟು ಧೈರ್ಯ ಮಾಡುತ್ತಾನೆ, ಹೇಳಿ?

ರಾಟರ್‌ಡ್ಯಾಮ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರ ಮೇ ತಿಂಗಳು, ಫೆಯನೂರ್ಡ್ ಲೀಗ್ ಗೆದ್ದು 18 ವರ್ಷವಾಗಿತ್ತು. ಎಕ್ಸೆಲ್ಸಿಯರ್ ವಿರುದ್ಧ ಗೆದ್ದಿದ್ದರೆ ಲೀಗ್ ಕೈಗೆ ಬರುತ್ತಿತ್ತು, ಆದರೆ ಹಳೆಯ ತಂಡಕ್ಕೆ ಮರಳಿದ್ದ ಕೌಟ್‌ನನ್ನು ಬೆಂಚಿನಲ್ಲಿ ಕೂರಿಸಿ ಆಟ ಶುರುಮಾಡಿದರು, 0-3ರಿಂದ ಸೋತರು. ಮುಂದಿನ ಭಾನುವಾರ ಡೆ ಕೌಪ್ ಮೈದಾನದಲ್ಲಿ ಹೆರಾಕ್ಲೆಸ್ ವಿರುದ್ಧ ನಾಯಕನ ಪಟ್ಟಿ ಕಟ್ಟಿಕೊಂಡು ಇಳಿದವನು ಮೊದಲ ನಿಮಿಷ ತುಂಬುವ ಮುನ್ನವೇ ಗೋಲು ಹೊಡೆದ. ಹನ್ನೆರಡನೇ ನಿಮಿಷಕ್ಕೆ ತಲೆಯಿಂದ ಇನ್ನೊಂದು. ಕೊನೆಗೆ ಪೆನಾಲ್ಟಿ. 3-1, ಮೂರೂ ಅವನವೇ, ಲೀಗ್ ಫೆಯನೂರ್ಡ್‌ಗೆ.

ಮೂರು ದಿನ ಬಿಟ್ಟು, 36ನೇ ವಯಸ್ಸಿನಲ್ಲಿ, ಆಟ ಮುಗಿಸಿದೆ ಎಂದ. ಮರುವರ್ಷವೇ ಹುಟ್ಟೂರಿನ ಕ್ವಿಕ್ ಬಾಯ್ಸ್ ತಂಡಕ್ಕೆ ಆಟಗಾರರು ಸಾಲದೆ ಬಂದಾಗ ಬೂಟು ಮತ್ತೆ ಹೊರಬಂತು.