ಪಾಲಾಗುವ ಕಾಲದಲ್ಲಿ ಜೇನುಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂತು ಅಂದರೆ ಮಲೆನಾಡಿನಲ್ಲಿ ಜೇನು ಸಾಕುವವರಿಗೆ ಪುರುಸೊತ್ತಿಲ್ಲ. ಮಾವು ಹೂ ಬಿಟ್ಟಿರುತ್ತದೆ. ಅದರ ಹಿಂದೆಯೇ ಹೊಂಗೆ, ನೇರಳೆ. ಹೂ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ ಬಿದ್ದರೆ ಕೊಡಗು, ಸಕಲೇಶಪುರದ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಕರಾವಳಿಯಲ್ಲಿ ಇದೆಲ್ಲ ಇನ್ನೂ ಬೇಗ. ಅಲ್ಲಿ ರಬ್ಬರ್ ಮರಕ್ಕೆ ಹೂವೇ ಬೇಕಿಲ್ಲ, ಎಳೆ ಎಲೆಯ ತೊಟ್ಟಿನಿಂದಲೇ ಜೇನುನೊಣಗಳು ಸಿಹಿ ಹೀರುತ್ತವೆ.

ನಾನು ಮಾತಾಡುತ್ತಿರುವುದು ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನಿನ ಬಗ್ಗೆ. ಸೂರ್ಯಕಾಂತಿ ಹೊಲಕ್ಕೆ ಲಾರಿಯಲ್ಲಿ ಪೆಟ್ಟಿಗೆ ಒಯ್ಯುವ, ಮೆಲ್ಲಿಫೆರಾ ಅನ್ನುವ ಯುರೋಪಿನ ಜೇನು ಸಾಕುವವರ ಲೆಕ್ಕವೇ ಬೇರೆ.

ಈ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಒಂದೇ: ಎಷ್ಟು ಜೇನು ಬರುತ್ತದೆ? ನನ್ನ ಕೇಳಿದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಈ ಪೆಟ್ಟಿಗೆಯಿಂದ ನಿಮಗೆ ಜೇನು ಬೇಕೋ, ಇನ್ನೊಂದು ಜೇನು ಕುಟುಂಬ ಬೇಕೋ? ಎರಡೂ ಒಂದೇ ಪೆಟ್ಟಿಗೆಯಿಂದ ಆಗುವುದಿಲ್ಲ. ನೀವು ತೀರ್ಮಾನ ಮಾಡದೆ ಸುಮ್ನೆ ಕೂತರೆ ನೊಣಗಳೇ ತೀರ್ಮಾನ ಮಾಡುತ್ತವೆ. ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಪಾಲಾಗುವುದು ಅಂದರೆ ಇದೇ.

ಹೊರಡುವ ಮೊದಲು ಸುಳಿವು ಕೊಡುತ್ತವೆ. ಮೊದಲು ಗಂಡು ನೊಣಗಳು ಜಾಸ್ತಿಯಾಗುತ್ತವೆ. ತುಡುವೆಯಲ್ಲಿ ಗಂಡು ಮರಿ ಬೆಳೆಯುವ ಕಣದ ಮುಚ್ಚಳ ಉಬ್ಬಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಆಮೇಲೆ ಎರಿಯ, ಅಂದರೆ ನೊಣಗಳು ಕಟ್ಟುವ ಮೇಣದ ಹಲ್ಲೆಯ, ಕೆಳ ಅಂಚಿನಲ್ಲಿ ಶೇಂಗಾ ಕಾಯಿ ಹಾಗೆ ಹೊಸ ರಾಣಿ ಬೆಳೆಯುವ ರಾಣಿ ಕೋಶ ನೇತಾಡುತ್ತದೆ. ಅದಕ್ಕೆ ಮುಚ್ಚಳ ಬಿತ್ತೋ, ಪಾಲು ಹೊರಡಲು ಹೆಚ್ಚು ದಿನ ಇಲ್ಲ ಅಂತ ತಿಳಿಯಿರಿ. ಅದಕ್ಕೇ ಈ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಸಂಸಾರ ಕೋಣೆಯ, ಅಂದರೆ ರಾಣಿ ಮೊಟ್ಟೆ ಇಡುವ ಕೆಳಗಿನ ಕೋಣೆಯ ಮುಚ್ಚಳ ತೆಗೆಯಲೇಬೇಕು. ಬೆಳಗ್ಗೆ ಬಿಸಿಲು ಏರುವ ಮೊದಲು, ಒಂದೆರಡು ಉಸಿರು ಹೊಗೆ ಸಾಕು. ಜಾಸ್ತಿ ಹೊಗೆ ಹಾಕಿದರೆ ತುಡುವೆಗೆ ಕಿರಿಕಿರಿ.

ಜೇನೇ ಬೇಕು ಅನ್ನುವವರು ಕೋಶ ಕಿತ್ತು ಬಿಸಾಡಿ ಕೈ ತೊಳೆದುಕೊಳ್ಳುತ್ತಾರೆ. ಇಷ್ಟರಿಂದ ಏನೂ ಆಗುವುದಿಲ್ಲ, ಮತ್ತೆ ಕಟ್ಟುತ್ತವೆ. ಒಳಗೆ ಜಾಗ ಸಾಲದೆ ಇರುವುದು ದೊಡ್ಡ ಕಾರಣ. ಕಪ್ಪಾದ ಹಳೆ ಎರಿ ತೆಗೆದು ಖಾಲಿ ಚೌಕಟ್ಟು ಕೊಡಿ, ಮೇಲೆ ಜೇನು ಕೋಣೆ ಇಡಿ. ಹೊಸ ಎರಿ ಕಟ್ಟುವ ಕೆಲಸ ಸಿಕ್ಕಿದರೆ ಹೊರಡುವ ಯೋಚನೆ ಎಷ್ಟೋ ಕಡಿಮೆಯಾಗುತ್ತದೆ.

ಕುಟುಂಬ ಬೇಕಿದ್ದರೆ ನೀವೇ ಪಾಲು ಮಾಡಿ. ಹಳೆ ರಾಣಿ ಇರುವ ಎರಿ, ಜೊತೆಗೆ ಮೊಟ್ಟೆ ಮರಿ ಇರುವ ಎರಡು ಮೂರು ಎರಿ, ಒಂದಿಷ್ಟು ಆಹಾರ, ಇಷ್ಟನ್ನು ನೊಣಗಳ ಸಮೇತ ಹೊಸ ಪೆಟ್ಟಿಗೆಗೆ ಇಡಿ. ಹಳೆ ಪೆಟ್ಟಿಗೆಯಲ್ಲಿ ಒಳ್ಳೆಯ ಕೋಶ ಒಂದೋ ಎರಡೋ ಉಳಿಸಿ, ಮಿಕ್ಕಿದ್ದು ತೆಗೆಯಿರಿ. ಎಲ್ಲ ಬಿಟ್ಟರೆ ಒಂದೊಂದು ರಾಣಿ ಹುಟ್ಟಿದಾಗಲೂ ಮತ್ತೆ ಪಾಲಾಗಿ ಕೊನೆಗೆ ಹಿಡಿ ನೊಣ ಉಳಿಯಬಹುದು. ಇನ್ನೊಂದು ಉಪಾಯ ಹೇಳುತ್ತೇನೆ. ಎರಡೂ ಪೆಟ್ಟಿಗೆಯನ್ನು ಹಳೆ ಜಾಗದ ಅಕ್ಕಪಕ್ಕ, ಅರ್ಧರ್ಧ ಸರಿಸಿ ಇಟ್ಟರೆ ಮೇಯಲು ಹೋದ ನೊಣಗಳು ವಾಪಸು ಬಂದು ಎರಡಕ್ಕೂ ಹಂಚಿಕೊಳ್ಳುತ್ತವೆ. ಯಾವ ಕಡೆ ಜಾಸ್ತಿ ನುಗ್ಗುತ್ತವೋ ಆ ಪೆಟ್ಟಿಗೆಯನ್ನು ಸ್ವಲ್ಪ ದೂರ ಸರಿಸಿ.

ಹೊಸ ರಾಣಿ ಇರುವ ಪೆಟ್ಟಿಗೆಯ ಬಾಗಿಲಿಗೆ ರಾಣಿ ಗೇಟು, ಅಂದರೆ ರಾಣಿ ಹೊರಗೆ ಹೋಗದಂತೆ ತಡೆಯುವ ಗೇಟು ಹಾಕಬೇಡಿ. ಹೊರಗೆ ಹಾರಿ ಗಂಡು ನೊಣಗಳ ಜೊತೆ ಕೂಡಿ ಬರದಿದ್ದರೆ ಆಕೆ ಇಡುವ ಮೊಟ್ಟೆಯಿಂದ ಬರೀ ಗಂಡೇ ಹುಟ್ಟುತ್ತದೆ. ರಾಣಿ ಹುಟ್ಟಿ ಎರಡು ವಾರ ಕಳೆದ ಮೇಲೆ ನೋಡಿ. ಕಣಕ್ಕೊಂದು ಮೊಟ್ಟೆ, ತಳದ ನಡುವೆ ಇದ್ದರೆ ಗೆದ್ದಿರಿ. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ ಕಂಡರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ ಅಂತ ಅನುಮಾನ ಪಡಿ.

ಯಾವ ಕುಟುಂಬವನ್ನು ಪಾಲು ಮಾಡುವುದು? ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಜೇನು ಕೊಡುವ, ರೋಗ ಬಾರದ ಕುಟುಂಬವನ್ನೇ ಆರಿಸಿ. 1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ನಮ್ಮ ಕಡೆಯ ತುಡುವೆ ಕುಟುಂಬಗಳು ರಾಶಿ ರಾಶಿ ಸತ್ತವು. ಮರಿಹುಳ ಕಣದಲ್ಲೇ ನೀಳವಾಗಿ ಮಲಗಿ ಸಾಯುತ್ತದೆ, ಎತ್ತಿದರೆ ನೀರು ತುಂಬಿದ ಚೀಲ. ಇವತ್ತಿಗೂ ಅದಕ್ಕೆ ನೆಚ್ಚಬಹುದಾದ ಔಷಧಿ ಇಲ್ಲ. ಅದರಿಂದ ಪಾರಾಗಿ ಉಳಿದ ತಳಿ ನಮ್ಮ ಆಸ್ತಿ, ಅಲ್ವಾ? ಅಗ್ಗಕ್ಕೆ ಸಿಕ್ಕಿತು ಅಂತ ಎಲ್ಲಿಂದಲೋ ಸೊರಗಿದ ಕುಟುಂಬ ತರಬೇಡಿ.

ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಹತ್ತಿರ ಕುಡಿಯಲು ನೀರು, ಮಧ್ಯಾಹ್ನಕ್ಕೆ ನೆರಳು. ಇದನ್ನೆಲ್ಲ ನೀವೇ ಬಲ್ಲಿರಿ. ಪಕ್ಕದ ತೋಟದವರು ಮಾವಿಗೆ ಔಷಧಿ ಹೊಡೆಯುವುದಿದ್ದರೆ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ ಅಂತ ಒಂದು ಮಾತು ಹೇಳಿ ಬನ್ನಿ. ಜಗಳ ಮಾಡಿ ಹೇಳಬೇಡಿ. ಅವರ ಮಾವು ಕಾಯಿ ಕಚ್ಚಲೂ ಹುಳಹುಪ್ಪಟೆ ಬೇಕು.

ಜೇನು ಕೋಣೆಯ ಎರಿಯಲ್ಲಿ ಮುಕ್ಕಾಲು ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ಜೇನು ತೆಗೆಯುವ ಯಂತ್ರಕ್ಕೆ ಹಾಕಿ. ಅದಕ್ಕಿಂತ ಮೊದಲು ತೆಗೆದರೆ ನೀರು ಜಾಸ್ತಿ, ಬಾಟಲಿಯಲ್ಲೇ ಹುಳಿ ಬರುತ್ತದೆ. ಸಂಸಾರ ಕೋಣೆಯ ಜೇನನ್ನು ಮುಟ್ಟಬೇಡಿ. ಮೇ ತಿಂಗಳ ಕೊನೆಯ ಕೊಯ್ಲಿನಲ್ಲಿ ಜೇನು ಕೋಣೆಯಲ್ಲೂ ಒಂದೆರಡು ಎರಿ ಹಾಗೇ ಬಿಡಿ. ಜೂನ್‌ನಿಂದ ಮಳೆ ಹಿಡಿದರೆ ಹೊರಗೆ ಹೂವಿಲ್ಲ, ಆಗ ಅವು ತಿನ್ನುವುದು ಅದನ್ನೇ. ನಮಸ್ಕಾರ.